ಬಸ್ ಬೇಕು ಅಂತ ನಗರಸಭೆಗೆ ಬರೆದರೆ ಬರುತ್ತದಾ?

ಓದುಗರ ಪ್ರಶ್ನೆ: ಊರಿನ ಸಾರಿಗೆ ಬಗ್ಗೆ ನಗರಸಭೆಯವರು ಜನರ ಅಭಿಪ್ರಾಯ ಕೇಳಿದ್ದಾರೆ. ನಮ್ಮ ಕಡೆಗೆ ಸಂಜೆ ಇನ್ನೊಂದು ಬಸ್ ಬಿಡಿ ಅಂತ ಬರೆದರೆ ಬಿಡ್ತಾರಾ?

ಕಾರವಾರದಿಂದ ಈ ಪ್ರಶ್ನೆ ಎಷ್ಟು ಸಲ ಬಂತೋ, ಲೆಕ್ಕ ಇಟ್ಟಿಲ್ಲ. ಇವತ್ತು ಬಿಡಿಸಿ ಹೇಳುತ್ತೇನೆ.

ಅಭಿಪ್ರಾಯ ಖಂಡಿತ ಕೊಡಿ. ಆದರೆ ಬಸ್ ಬಿಡುವುದು ನಗರಸಭೆ ಅಲ್ಲ. ಅವರ ಹತ್ತಿರ ಕಸದ ಗಾಡಿ ಇದೆ, ಜನರನ್ನು ಒಯ್ಯುವ ಬಸ್ ಒಂದೂ ಇಲ್ಲ. ಡ್ರೈವರ್, ಕಂಡಕ್ಟರ್ ಇಲ್ಲ. 'ವಾರ್ಡ್ ಮೆಂಬರ್ ಮನಸ್ಸು ಮಾಡಿದರೆ ನಾಳೆಯೇ ಬಸ್ ಬರುತ್ತದೆ' ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಮೆಂಬರ್ ಎಷ್ಟೇ ಒಳ್ಳೆಯವರಾದರೂ ಅವರು ಮಾಡಬಹುದಾದದ್ದು ಶಿಫಾರಸು ಮಾತ್ರ. ನಮ್ಮ ಜಿಲ್ಲೆಯ ಸರ್ಕಾರಿ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ, ವಿಭಾಗದ ಕಚೇರಿ ಶಿರಸಿಯಲ್ಲಿ, ಡಿಪೋ ನಿಮ್ಮೂರಲ್ಲೇ. ಇನ್ನು ಖಾಸಗಿ ಬಸ್ಸಿನ ಪರ್ಮಿಟ್ ವಿಷಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಸೇರಿದ್ದು. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು.

ಇಲ್ಲೇ ಒಂದು ಗೋಜಲಿದೆ. ಮೊನ್ನೆ ಒಬ್ಬರು ತೋರಿಸಿದ ಅರ್ಜಿಯಲ್ಲಿ ಮೂರು ಹಾಳೆ ತುಂಬ ಸಹಿ, ಮೇಲೆ 'ಮಾನ್ಯ ಡಿಸಿ ಸಾಹೇಬರಿಗೆ' ಅಂತ ಅಷ್ಟೇ. ಯಾವ ಡಿಸಿ? ಜಿಲ್ಲಾಧಿಕಾರಿ ಕೂರುವುದು ಕಾರವಾರದಲ್ಲಿ. ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಯನ್ನೂ ಡಿಸಿ ಅಂತಲೇ ಕರೆಯುತ್ತಾರೆ, ಅವರು ಶಿರಸಿಯಲ್ಲಿ. ನಿಮ್ಮ ಬಸ್ಸಿನ ಅರ್ಜಿ ಹೋಗಬೇಕಾದದ್ದು ಶಿರಸಿಯ ಡಿಸಿಗೆ, ಒಂದು ಪ್ರತಿ ಕಾರವಾರದ ಡಿಪೋ ಮ್ಯಾನೇಜರ್‌ಗೆ.

ಸಹಿ ಜಾಸ್ತಿ ಇದ್ದರೆ ಸಾಲದು. 'ಬಸ್ ಸಾಲುವುದಿಲ್ಲ' ಅಂತ ಬರೆದರೆ ಡಿಪೋದವರು ಏನು ಮಾಡಬೇಕು ಹೇಳಿ? ಒಂದು ಟ್ರಿಪ್ ಸೇರಿಸಬೇಕಾದರೆ ಬಸ್ಸು, ಡ್ರೈವರು, ಕಂಡಕ್ಟರು ಮೂರನ್ನೂ ಆ ಹೊತ್ತಿಗೆ ಹೊಂದಿಸಬೇಕು. ಹಾಗಾಗಿ ಒಂದು ವಾರ ಸ್ಟಾಪಿನಲ್ಲಿ ನಿಂತು ಬರೆದುಕೊಳ್ಳಿ. ಎಷ್ಟು ಗಂಟೆಗೆ ಎಷ್ಟು ಜನ ಕಾಯುತ್ತಿದ್ದರು, ಬಸ್ ಯಾವಾಗ ಬಂತು, ಎಷ್ಟು ಮಕ್ಕಳು ಹತ್ತಲಾಗದೆ ಉಳಿದರು. ಅದನ್ನೇ ಅರ್ಜಿಗೆ ಲಗತ್ತಿಸಿ.

ಹಾಗಾದರೆ ನಗರಸಭೆಗೆ ಏನು ಬರೆಯುವುದು? ತಂಗುದಾಣದ ಬಗ್ಗೆ ಬರೆಯಿರಿ. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಇದೇ ಬೇಸರ. ನಮ್ಮ ಮಳೆ ಸಮುದ್ರದ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ಹೆದ್ದಾರಿ ಹೆಚ್ಚು ಕಡಿಮೆ ಉತ್ತರ-ದಕ್ಷಿಣ. ಕಾರವಾರದ ಕಡೆ ಹೋಗುವವರು ನಿಲ್ಲುವ ತಂಗುದಾಣದ ಬೆನ್ನು ಸಮುದ್ರಕ್ಕೆ, ಅಲ್ಲಿ ಬೆಂಚು ಒಣಗಿರುತ್ತದೆ. ಎದುರು ಬದಿಯಲ್ಲಿ ಅಂಕೋಲೆಗೆ ಹೋಗುವವರದು ಬಾಯಿ ಪಡುವಣಕ್ಕೆ. ಜುಲೈನಲ್ಲಿ ಅಲ್ಲಿ ಸೂರಿನಡಿ ನಿಂತೂ ಕೊಡೆ ಬಿಡಿಸಬೇಕು, ಮಕ್ಕಳು ಚೀಲವನ್ನು ಎದೆಗೆ ಅವಚಿಕೊಂಡು ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತಾರೆ. ಕೇಳಬೇಕಾದದ್ದು ಇಷ್ಟೇ: ಮುಂದೆ ಅರ್ಧ ಗೋಡೆ, ಸೂರನ್ನು ಮೂರಡಿ ಚಾಚುವುದು, ಒಂದು ದೀಪ. ನಿಮ್ಮ ಸ್ಟಾಪಿನ ಹೆಸರು ಹಾಕಿ, ಯಾವ ಬದಿ ಅಂತ ಹೇಳಿ, ಮಳೆಯಲ್ಲಿ ತೆಗೆದ ಫೋಟೋ ಒಂದನ್ನು ಇಟ್ಟು ಕೇಳಿ.