ರೇಡಿಯೇಟರ್ ಫ್ಯಾನ್ ಯಾರ ಮಾತು ಕೇಳುತ್ತದೆ?

1980ರ ದಶಕದ ಕೊನೆಯಲ್ಲಿ ಬಂದ ಜನರಲ್ ಮೋಟಾರ್ಸ್‌ನ ಕಂಪ್ಯೂಟರ್ ನಿಯಂತ್ರಿತ ಕಾರುಗಳನ್ನು ಇನ್ನೂ ಓಡಿಸುತ್ತಿರುವವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ವಾಹನಗಳ ಸಾಲಿನಲ್ಲಿ ನಿಂತಾಗ ಉಷ್ಣತೆಯ ಮುಳ್ಳು ಅರ್ಧ ದಾಟಿ ಮೇಲೇರುತ್ತದೆ, ಫ್ಯಾನ್ ಮಾತ್ರ ಅಲ್ಲಾಡುವುದಿಲ್ಲ. ಗಾಬರಿಯಾಗಿ ಫ್ಯಾನ್ ಮೋಟಾರ್ ಬದಲಿಸುತ್ತಾರೆ, ಅದಕ್ಕೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇ ಬದಲಿಸುತ್ತಾರೆ, ಕೊನೆಗೆ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಸ್ವಿಚ್ಚೊಂದನ್ನು ಕೂರಿಸುತ್ತಾರೆ. ಎಷ್ಟೋ ಸಲ ಅಲ್ಲಿ ಏನೂ ಕೆಟ್ಟಿರುವುದೇ ಇಲ್ಲ. ಕಂಪ್ಯೂಟರ್ 108 ಡಿಗ್ರಿ ಸೆಲ್ಸಿಯಸ್ ಆಗಲಿ ಎಂದು ಕಾಯುತ್ತಿರುತ್ತದೆ, ಅಷ್ಟೆ.

ಇಷ್ಟು ಹೊತ್ತು ಕಾಯುವ ಬುದ್ಧಿ ಅದಕ್ಕೆ ಬಂದದ್ದು ಹೇಗೆ ಎಂದು ತಿಳಿಯಲು ಬೆಲ್ಟಿನ ಕಾಲಕ್ಕೆ ಹೋಗಬೇಕು. ಮೊದಲು ಫ್ಯಾನ್ ಎಂಜಿನ್ನಿನ ಬೆಲ್ಟಿಗೆ ಕಟ್ಟಿಬಿದ್ದಿತ್ತು. ಎಂಜಿನ್ ತಿರುಗಿದರೆ ಅದೂ ತಿರುಗಬೇಕು. ಇದರಷ್ಟು ಸರಳವಾದ ಏರ್ಪಾಡು ಇನ್ನೊಂದಿಲ್ಲ, ಆದರೆ ಅದರ ನಡೆ ತಲೆಕೆಳಗು. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವಾಗ ಫ್ಯಾನ್ ಅಬ್ಬರಿಸುತ್ತದೆ. ಕಾರು ನಿಂತು, ಗಾಳಿಯ ಅಗತ್ಯ ಹೆಚ್ಚಿದಾಗ ಮೆಲ್ಲಗೆ ತಿರುಗುತ್ತದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ನುಂಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ ಎಂಬುದನ್ನು ನೆನೆದರೆ ಈ ದುಂದು ಎಷ್ಟೆಂದು ಗೊತ್ತಾಗುತ್ತದೆ. ಬೆಲ್ಟಿಗೂ ಫ್ಯಾನಿಗೂ ನಡುವೆ ಕೂರುವ, ಸಿಲಿಕೋನ್ ಎಣ್ಣೆ ತುಂಬಿದ ಫ್ಯಾನ್ ಕ್ಲಚ್ ಇದಕ್ಕೆ ಅರ್ಧ ಪರಿಹಾರ ಒದಗಿಸಿತು. ಕ್ಲಚ್ಚಿನ ಮುಂಭಾಗದ ಲೋಹದ ಸುರುಳಿಗೆ ಬಿಸಿಗಾಳಿ ತಾಗಿದಾಗ ಹಿಡಿತ ಬಿಗಿ, ತಣ್ಣಗಾದಾಗ ಸಡಿಲ.

ಬೆಲ್ಟಿನ ಪಟ್ಟು ಸಡಿಲಿಸಿದ್ದು ಅಡ್ಡಲಾಗಿ ಕೂರುವ ಎಂಜಿನ್. ಎಂಜಿನ್ನನ್ನು ಅಡ್ಡ ಇಟ್ಟರೆ ಬೆಲ್ಟನ್ನು ತಿರುಗಿಸುವ ಕ್ರ್ಯಾಂಕಿನ ತುದಿ ರೇಡಿಯೇಟರಿನ ಕಡೆಗಲ್ಲ, ಚಕ್ರದ ಕಡೆಗೆ ತಿರುಗುತ್ತದೆ. 1959ರ ಮಿನಿ ಕಾರು ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿ ಬೆಲ್ಟನ್ನು ಉಳಿಸಿಕೊಂಡಿತು. 1969ರಲ್ಲಿ ಬಂದ ಫಿಯೆಟ್ 128 ರೇಡಿಯೇಟರನ್ನು ಮುಂದೆಯೇ ಇಟ್ಟು ಅದಕ್ಕೆ ವಿದ್ಯುತ್ ಫ್ಯಾನ್ ಕೊಟ್ಟಿತು. ಮುಂದೆ ಗೆದ್ದದ್ದು ಈ ಎರಡನೆಯ ದಾರಿ.

ಆಗಿನ ವಿದ್ಯುತ್ ಫ್ಯಾನುಗಳಿಗೆ ಕಂಪ್ಯೂಟರಿನ ಹಂಗಿರಲಿಲ್ಲ. ರೇಡಿಯೇಟರಿಗೆ ತಿರುಚಿ ಕೂರಿಸಿದ ಒಂದು ಉಷ್ಣ ಸ್ವಿಚ್ ಸುಮಾರು 95 ಡಿಗ್ರಿಗೆ ಕೂಡಿಕೊಳ್ಳುತ್ತಿತ್ತು, ಕೆಲವು ಡಿಗ್ರಿ ಇಳಿದ ಮೇಲೆ ಬಿಟ್ಟುಕೊಳ್ಳುತ್ತಿತ್ತು. ಟೊಯೊಟಾದ ಹಲವು ಕಾರುಗಳಲ್ಲಿ ಇದು ತಿರುಗುಮುರುಗು: ತಣ್ಣಗಿದ್ದಾಗ ಸ್ವಿಚ್ ಕೂಡಿರುತ್ತದೆ, ಬಿಸಿಯಾದಾಗ ಬಿಡುತ್ತದೆ. ಹಾಗಾಗಿ ತಂತಿ ತುಂಡಾದರೂ ಫ್ಯಾನ್ ಓಡುತ್ತಲೇ ಇರುತ್ತದೆ, ಎಂಜಿನ್ ಸುಡುವುದಿಲ್ಲ. ಹಳೆಯ ಕಾರುಗಳಲ್ಲಿ ನನಗೆ ತುಂಬ ಹಿಡಿಸುವ ಜಾಣತನಗಳಲ್ಲಿ ಇದೊಂದು.

ಕಂಪ್ಯೂಟರ್ ಕಾರಿನೊಳಗೆ ಬಂದದ್ದು ಫ್ಯಾನಿಗಾಗಿ ಅಲ್ಲ, ಹೊಗೆಗಾಗಿ. ಅಮೆರಿಕದ ಹೊಗೆ ನಿಯಮಗಳು ಬಿಗಿಯಾದಾಗ ಜನರಲ್ ಮೋಟಾರ್ಸ್ 1981ರಿಂದ ತನ್ನ ಪೆಟ್ರೋಲ್ ಕಾರುಗಳಿಗೆ ವ್ಯಾಪಕವಾಗಿ ಕಂಪ್ಯೂಟರ್ ಅಳವಡಿಸಿತು. ಇಂಧನವನ್ನು ಅಳೆದು ಕೊಡಬೇಕಾದರೆ ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಎಷ್ಟು ಬಿಸಿಯಿದೆ ಎಂಬುದು ಅದಕ್ಕೆ ತಿಳಿದಿರಬೇಕು. ಆ ಸುದ್ದಿ ಹೇಗೂ ಕೈಯಲ್ಲಿದ್ದ ಮೇಲೆ ಫ್ಯಾನಿನ ಉಸ್ತುವಾರಿಯನ್ನೂ ಅದಕ್ಕೇ ವಹಿಸಿದ್ದು ಸಹಜ. ಎಸಿ ಹಾಕಿದರೆ ಫ್ಯಾನ್ ಓಡಿಸು, ಕಾರು ವೇಗವಾಗಿ ಹೋಗುತ್ತಿದ್ದರೆ ನಿಲ್ಲಿಸು ಎಂಬ ವಿವೇಚನೆಯೂ ಇದರಿಂದ ಸಾಧ್ಯವಾಯಿತು. ಬರೀ ಸ್ವಿಚ್ಚಿಗೆ ಇದು ದಕ್ಕುವಂಥದ್ದಲ್ಲ.

108ರ ಕಥೆಯೂ ಇಲ್ಲಿಯದೇ. ಬಿಸಿ ಎಂಜಿನ್ನಿನಲ್ಲಿ ಇಂಧನ ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಫ್ಯಾನ್ ಕಡಿಮೆ ತಿರುಗಿದರೆ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಮೇಲಿನ ಹೊರೆಯೂ ಕಡಿಮೆ. ಆ ಕಾಲದ ಜನರಲ್ ಮೋಟಾರ್ಸ್‌ನ ಕಮಾರೊ, ಫೈರ್‌ಬರ್ಡ್ ಕಾರುಗಳ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, 91 ಡಿಗ್ರಿಯದು. ಕಂಪ್ಯೂಟರ್ ಫ್ಯಾನ್ ಹಚ್ಚುತ್ತಿದ್ದದ್ದು ಸುಮಾರು 108ಕ್ಕೆ. ಕುದಿಯುವ ನೀರಿಗಿಂತ ಹೆಚ್ಚಾಯಿತಲ್ಲ ಎಂದು ಬೆಚ್ಚುವ ಕಾರಣವಿಲ್ಲ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲಂಟ್, ಸುಮಾರು ಒಂದು ಬಾರ್ ಒತ್ತಡ ತಡೆಯುವ ಮುಚ್ಚಳದ ಕೆಳಗೆ 125 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಆದರೆ ಮುಚ್ಚಳದ ರಬ್ಬರ್ ಹಳತಾಗಿದ್ದರೆ ಈ ಲೆಕ್ಕವೆಲ್ಲ ಬುಡಮೇಲು. ಮೂವತ್ತು ವರ್ಷದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಅಗ್ಗದ ಮುಚ್ಚಳವನ್ನೇ.

ಮಾಲೀಕರು ಹುಡುಕಿಕೊಂಡ ಮದ್ದು ಬೇರೆ: 71 ಡಿಗ್ರಿಯ ಥರ್ಮೋಸ್ಟಾಟ್. ಅದನ್ನು ಹಾಕಿಯೂ ನಿಂತಲ್ಲಿ ಮುಳ್ಳು ಮೊದಲಿನಷ್ಟೇ ಏರಿತೆಂದು ಗೊಣಗಿದವರು ಬಹಳ. ಏರದೆ ಇನ್ನೇನು? ಥರ್ಮೋಸ್ಟಾಟ್ ನಿರ್ಧರಿಸುವುದು ಎಂಜಿನ್ ಎಷ್ಟಕ್ಕಿಂತ ತಣ್ಣಗಾಗಬಾರದು ಎಂಬುದನ್ನು. ನಿಂತ ಕಾರಿನಲ್ಲಿ ಬಿಸಿಯ ಮೇಲಿನ ಮಿತಿಯನ್ನು ಹಾಕುವುದು ಫ್ಯಾನ್. ಒಂದನ್ನು ಇಳಿಸಿ ಇನ್ನೊಂದನ್ನು ಇದ್ದಲ್ಲೇ ಬಿಟ್ಟರೆ ಓಡುವಾಗ ಎಂಜಿನ್ ಅತಿ ತಂಪು, ನಿಂತಾಗ ಅಷ್ಟೇ ಬಿಸಿ. ಅತಿ ತಂಪಾದಾಗ ಎಂಜಿನ್ ಇನ್ನೂ ಬೆಚ್ಚಗಾಗಿಲ್ಲವೆಂದು ತಿಳಿದು ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿಯುವುದೂ ಉಂಟು. ಈ ಅಂಕಿಗಳೆಲ್ಲ ಕಂಪ್ಯೂಟರಿನಿಂದ ಬಿಚ್ಚಿ ತೆಗೆಯಬಹುದಾದ ಒಂದು ಮೆಮೊರಿ ಚಿಪ್ಪಿನಲ್ಲಿ ಬರೆದಿರುತ್ತಿದ್ದುದರಿಂದ, ತಿಳಿದವರು ಚಿಪ್ಪನ್ನೇ ಮತ್ತೆ ಬರೆದರು. ನನ್ನ ಮಟ್ಟಿಗೆ ಅದೇ ನೇರವಾದ ದಾರಿ. ಕೈಸ್ವಿಚ್ಚಿನ ತೊಂದರೆಯೆಂದರೆ, ಒಂದಲ್ಲ ಒಂದು ದಿನ ಅದನ್ನು ಹಾಕಲು ಮರೆಯುತ್ತೇವೆ.

ನಿಜವಾಗಿ ಕೆಟ್ಟಿರುವ ಕಾರುಗಳಲ್ಲಿ ತಪ್ಪಿತಸ್ಥ ಹೆಚ್ಚಾಗಿ ಸೆನ್ಸರಿನ ಪ್ಲಗ್ಗು. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರಿಗೆ ಇನ್ನೊಂದು. ಮುಳ್ಳು ಕಂಡದ್ದು ಕಂಪ್ಯೂಟರಿಗೆ ಕಾಣಬೇಕೆಂದಿಲ್ಲ. ಜನರಲ್ ಮೋಟಾರ್ಸ್‌ನ ಸೆನ್ಸರ್ ಬಿಸಿಯಾದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ: 20 ಡಿಗ್ರಿಯಲ್ಲಿ ಸುಮಾರು 3,500 ಓಮ್, 100ರಲ್ಲಿ 177, 110ರಲ್ಲಿ 130ರ ಆಸುಪಾಸು. ಮೇಲಕ್ಕೆ ಹೋದಂತೆ ಅಂತರ ಎಷ್ಟು ಕಿರಿದಾಗುತ್ತದೆ ನೋಡಿ. ಪ್ಲಗ್ಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು ಬರೀ 100 ಓಮ್ ಸೇರಿಕೊಂಡರೂ ಸಾಕು, 110 ಡಿಗ್ರಿಯ ಎಂಜಿನ್ ಕಂಪ್ಯೂಟರಿಗೆ 90ರ ಹತ್ತಿರ ಕಾಣುತ್ತದೆ. ಅದು ಫ್ಯಾನ್ ಹಚ್ಚುವುದೇ ಇಲ್ಲ. ಅದರ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ವಿಚಿತ್ರವೆಂದರೆ ತಂತಿ ಪೂರ್ತಿ ಕಡಿದುಹೋದರೇ ವಾಸಿ. ಆಗ ಕಂಪ್ಯೂಟರ್ ದೋಷವನ್ನು ಗುರುತಿಸಿ 15ನೇ ಕೋಡ್ ದಾಖಲಿಸುತ್ತದೆ, ಹಲವು ಕಾರುಗಳಲ್ಲಿ ಮುನ್ನೆಚ್ಚರಿಕೆಯಾಗಿ ಫ್ಯಾನನ್ನೂ ಓಡಿಸಿಬಿಡುತ್ತದೆ.

1990ರ ದಶಕದಲ್ಲಿ ಎರಡು ಫ್ಯಾನುಗಳ ವಿದ್ಯುತ್ ಸಂಪರ್ಕವನ್ನು ಸರಣಿಯಾಗಿ ಜೋಡಿಸಿ ನಿಧಾನ ವೇಗ, ಸಮಾಂತರವಾಗಿ ಜೋಡಿಸಿ ಪೂರ್ಣ ವೇಗ ಪಡೆಯುವ ರಿಲೇ ಏರ್ಪಾಡುಗಳು ಬಂದವು. 1996ರಲ್ಲಿ ಅಮೆರಿಕದಲ್ಲಿ ಒಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾದ ಮೇಲೆ ಫ್ಯಾನಿನ ದೋಷಕ್ಕೆ ಪಿ0480ರಂಥ ಏಕರೂಪದ ಕೋಡುಗಳು ಸಿಕ್ಕವು, ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರ್ ಕಾಣುವ ಉಷ್ಣತೆಯೂ ತೆರೆಯ ಮೇಲೆ ಬರುತ್ತದೆ.

ಅದಕ್ಕಿಂತ ಹಳೆಯ ಜನರಲ್ ಮೋಟಾರ್ಸ್ ಕಾರಾದರೆ ಒಂದು ತುಂಡು ತಂತಿ ಸಾಕು. ಡ್ಯಾಶ್‌ಬೋರ್ಡಿನ ಕೆಳಗಿರುವ 12 ಕಿಂಡಿಗಳ ಕನೆಕ್ಟರಿನಲ್ಲಿ ಎ ಮತ್ತು ಬಿ ಕಿಂಡಿಗಳನ್ನು ಸೇರಿಸಿ, ಎಂಜಿನ್ ಹಚ್ಚದೆ ಕೀಲಿ ಮಾತ್ರ ತಿರುಗಿಸಬೇಕು. ಎಚ್ಚರಿಕೆ ದೀಪ ಕೋಡುಗಳನ್ನು ಮಿನುಗಿಸುತ್ತದೆ, ಜೊತೆಗೆ ಕಂಪ್ಯೂಟರ್ ಇಂಧನ ಪಂಪಿನದನ್ನು ಬಿಟ್ಟು ತನ್ನ ಕೈಕೆಳಗಿನ ರಿಲೇಗಳನ್ನೆಲ್ಲ ಒಮ್ಮೆಲೇ ಎಳೆಯುತ್ತದೆ. ಫ್ಯಾನ್ ತಿರುಗಿತೆಂದರೆ ಮೋಟಾರ್, ರಿಲೇ, ಫ್ಯೂಸ್ ಮೂರೂ ನೆಟ್ಟಗಿವೆ. ಸೆನ್ಸರಿನ ಪ್ಲಗ್ಗು ಬಿಚ್ಚಿ ನೋಡಬೇಕು. ತಿರುಗದಿದ್ದರೆ ರಿಲೇ ಕಿತ್ತು, ಅದರ ಸಾಕೆಟ್ಟಿನಲ್ಲಿ ಬ್ಯಾಟರಿಯ ಕಿಂಡಿಯನ್ನೂ ಮೋಟಾರಿನ ಕಿಂಡಿಯನ್ನೂ ದಪ್ಪ ತಂತಿಯಿಂದ ಕ್ಷಣಕಾಲ ಸೇರಿಸಿ ನೋಡಬಹುದು. ಆಗಲೂ ಅಲ್ಲಾಡದಿದ್ದರೆ ಮತ್ತು ಫ್ಯೂಸ್, ತಂತಿ ಸರಿಯಿದ್ದರೆ, ಹೊಸ ಮೋಟಾರಿಗೆ ದುಡ್ಡು ಬಿಚ್ಚಬಹುದು.