ಚಿತ್ರ ನೋಡಿ ಮನಸ್ಸನ್ನು ಅಳೆಯಬಹುದಾ?

ಪ್ರಶ್ನೆ: ಕೌನ್ಸೆಲಿಂಗ್‌ಗೆ ಹೋದಾಗ ಒಂದು ಫಾರಂ ತುಂಬಿಸಿ ಅಂಕ ಹಾಕಿದರು. ಆಮೇಲೆ ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬಿಡಿಸಿ ಅಂದರು. ನನಗೆ ಚಿತ್ರ ಬರೋದೇ ಇಲ್ಲ. ಅದರಿಂದ ಏನು ತಿಳಿಯುತ್ತದೆ?

ಉತ್ತರ: ಆ ಫಾರಂ ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಇದ್ದಿರಬಹುದು. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಒಳ್ಳೆಯ ಸಾಧನ, ಬಿಡಬೇಕಿಲ್ಲ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಳಲಿ ಬಂದು ರಾತ್ರಿ ನಿದ್ದೆ ಬಾರದ ಹುಡುಗನಿಗೂ 12 ಬರಬಹುದು. ಮಗ ವಿದೇಶಕ್ಕೆ ಹೋದ ಮೇಲೆ ಊಟ ಸೇರದ ಮಲ್ಲೇಶ್ವರದ ಅಜ್ಜಿಗೂ 12 ಬರಬಹುದು. ಇಬ್ಬರ ಸಂಕಟವೂ ಒಂದೇ ಅಲ್ಲ, ಅಲ್ವಾ?

ನಮ್ಮ ಜನ ಸಂಕಟವನ್ನು ಹೆಚ್ಚಾಗಿ ಮೈಯ ಮೇಲೆ ಹಾಕಿ ಹೇಳುತ್ತಾರೆ. ಎದೆ ಭಾರ, ಹೊಟ್ಟೆಯಲ್ಲಿ ತಳಮಳ, ಕೈಕಾಲಲ್ಲಿ ಜೀವವೇ ಇಲ್ಲ. ಇದಕ್ಕೆ ಹೊಂದುವ ಒಂದು ಪದ್ಧತಿ ಇದೆ, ಬಾಡಿ ಮ್ಯಾಪಿಂಗ್. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಇರುವ ಮಹಿಳೆಯರ ಜೊತೆ ಕೆಲಸ ಮಾಡುವಾಗ ಇದು ಬೆಳೆಯಿತು. ದೊಡ್ಡ ಹಾಳೆಯ ಮೇಲೆ ಮಲಗಬೇಕು. ಇನ್ನೊಬ್ಬರು ಮೈಯ ಸುತ್ತ ಗೆರೆ ಎಳೆಯುತ್ತಾರೆ. ಆ ಗೆರೆಯೊಳಗೆ ನೋವು ಎಲ್ಲಿ, ಯಾವ ಬಣ್ಣ, ಧೈರ್ಯ ಎಲ್ಲಿಂದ ಬರುತ್ತದೆ ಅಂತ ನೀವೇ ತುಂಬಬೇಕು. ಆಮೇಲೆ ಅದರ ಕಥೆಯನ್ನೂ ನೀವೇ ಹೇಳಬೇಕು. ನನಗೆ ಇದು ತುಂಬ ಇಷ್ಟ. ಯಾಕೆಂದರೆ ಇಲ್ಲಿ ಪ್ರಶ್ನೆಯೂ ನಿಮ್ಮ ಕೈಯಲ್ಲೇ ಇರುತ್ತದೆ.

ಚಿತ್ರಕ್ಕೆ ಅಂಕ ಹಾಕುವ ಪದ್ಧತಿಗಳೂ ಇವೆ. ಮರೆವಿನ ಕಾಯಿಲೆಯ ಅನುಮಾನ ಬಂದಾಗ ವೈದ್ಯರು ಗಡಿಯಾರ ಬರೆಸಿ, ಮುಳ್ಳುಗಳನ್ನು 11 ಗಂಟೆ 10 ನಿಮಿಷಕ್ಕೆ ಇಡಿಸುತ್ತಾರೆ. ಅಮೆರಿಕದ ಆರ್ಟ್ ಥೆರಪಿಸ್ಟ್‌ಗಳು, ಅಂದರೆ ಚಿತ್ರಕಲೆಯ ಮೂಲಕ ಚಿಕಿತ್ಸೆ ಕೊಡುವವರು, ಮರದಿಂದ ಸೇಬು ಕೀಳುವ ಮನುಷ್ಯನ ಚಿತ್ರ ಬರೆಸಿ, 14 ಅಳತೆಗಳಲ್ಲಿ ನೋಡುವ ಕ್ರಮ ಮಾಡಿದ್ದಾರೆ. ಬಣ್ಣ ಎಷ್ಟು ಬಳಸಿದರು, ಹಾಳೆಯ ಎಷ್ಟು ಜಾಗ ತುಂಬಿತು ಅನ್ನೋದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿತ್ರ ಚೆನ್ನಾಗಿದೆಯಾ ಅಂತ ಯಾರೂ ನೋಡೋದಿಲ್ಲ. ಹಾಗಾಗಿ ಚಿತ್ರ ಬರೋದಿಲ್ಲ ಅನ್ನೋ ಅಳುಕು ಬೇಡ.

ಒಂದು ಎಚ್ಚರ ಮಾತ್ರ ಬೇಕು. ಮಗು ಮನೆಗೆ ಕಿಟಕಿ ಬರೆಯಲಿಲ್ಲ, ಕಪ್ಪು ಬಣ್ಣ ಜಾಸ್ತಿ ಬಳಸಿತು, ಅದಕ್ಕೆ ಖಿನ್ನತೆ ಇದೆ ಅಂತ ಸುಮ್ನೆ ತೀರ್ಮಾನಿಸಬಾರದು. ಅಂಥ ಒಂದೊಂದು ಗುರುತಿನಿಂದ ಕಾಯಿಲೆ ಹೇಳೋಕೆ ಗಟ್ಟಿ ಆಧಾರ ಇಲ್ಲ. ಕಪ್ಪು ಬಣ್ಣದ ಪೆನ್ಸಿಲ್ ಒಂದೇ ಚೂಪಾಗಿದ್ದಿರಬಹುದು! "ಇಲ್ಲಿ ಏನು ನಡೀತಿದೆ, ಹೇಳು ಪುಟ್ಟಾ" ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ನೀವೂ ಮುಂದಿನ ಸಲ ಹೋದಾಗ ಮೊದಲು ನಿಮ್ಮ ಚಿತ್ರದ ಬಗ್ಗೆ ನೀವೇ ಮಾತಾಡಿ. ಅಂಕ ಏನು ಹೇಳುತ್ತದೆ ಅನ್ನೋದನ್ನು ಆಮೇಲೆ ಕೇಳಿ. ನಡುವೆ ಮನಸ್ಸು ತೀರಾ ಕುಸಿದರೆ ಅಷ್ಟು ದಿನ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.