ಎರರ್ ಬಾರ್ ಓವರ್‌ಲ್ಯಾಪ್ ಆದರೆ ನಕ್ಷತ್ರ ಅಳಿಸಬೇಕಾ?

ಪ್ರಶ್ನೆ: ನನ್ನ ಗ್ರಾಫ್‌ನಲ್ಲಿ ಎರಡು ಗುಂಪುಗಳ ಎರರ್ ಬಾರ್ ಓವರ್‌ಲ್ಯಾಪ್ ಆಗ್ತಿವೆ. ಆದರೆ ಟಿ-ಟೆಸ್ಟ್‌ನಲ್ಲಿ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದಿದೆ. ನಕ್ಷತ್ರ ಹಾಕಬಹುದಾ?

ಹಾಕಬಹುದು. ಹೊಸಬರಿಗೆ ಮೊದಲು ಪದಗಳು: ಎರರ್ ಬಾರ್ ಅಂದರೆ ಸರಾಸರಿಯ ಅಂದಾಜು ಎಷ್ಟು ಆಚೀಚೆ ಆಗಬಹುದು ಅಂತ ತೋರಿಸುವ ಗೆರೆ. ಟಿ-ಟೆಸ್ಟ್ ಎರಡು ಸರಾಸರಿಗಳನ್ನು ಹೋಲಿಸುವ ಲೆಕ್ಕ. ಪಿ-ವ್ಯಾಲ್ಯೂ ಅಂದರೆ ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಅದು 0.05ಕ್ಕಿಂತ ಕಡಿಮೆ ಇದ್ದರೆ ಗ್ರಾಫ್ ಮೇಲೆ ಹಾಕುವ ಗುರುತೇ ನಕ್ಷತ್ರ. ಥೀಸಿಸ್ ಕೊಡುವ ಕಾಲ ಬಂತು ಅಂದರೆ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಹೇಳಿದರೂ ಮುಗಿಯುತ್ತಿಲ್ಲ, ಹಾಗಾಗಿ ಈ ಸಲ ಲೆಕ್ಕ ಪೂರ್ತಿ ಬಿಡಿಸಿಯೇ ಇಡುತ್ತೇನೆ. "ಬಾರ್ ಓವರ್‌ಲ್ಯಾಪ್ ಆದರೆ ವ್ಯತ್ಯಾಸ ಇಲ್ಲ" ಅನ್ನುವ ಮಾತು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುತ್ತಲೇ ಇದೆ. ಅದು ತಪ್ಪು.

ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಲ್ಲಿ ಹೋಗುವ 100 ಜನ, ಹಳದಿ ಮಾರ್ಗದ ಮೆಟ್ರೋದಲ್ಲಿ ಹೋಗುವ 100 ಜನ ಅಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಹಾಕಿದ್ದು. ಬಸ್ಸಿನ ಸರಾಸರಿ 60 ನಿಮಿಷ, ಮೆಟ್ರೋದ್ದು 57. ಎರಡರ ಸ್ಟ್ಯಾಂಡರ್ಡ್ ಡೀವಿಯೇಷನ್ನೂ (ಒಬ್ಬೊಬ್ಬರ ಸಮಯ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) 10. ಅದನ್ನು 100ರ ವರ್ಗಮೂಲದಿಂದ, ಅಂದರೆ 10ರಿಂದ ಭಾಗಿಸಿದರೆ ಸರಾಸರಿ ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಎರರ್, ತಲಾ 1. ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ (ಸರಾಸರಿಯ ಎರಡೂ ಕಡೆ ಸುಮಾರು 2 ಸ್ಟ್ಯಾಂಡರ್ಡ್ ಎರರ್‌ನಷ್ಟು ವ್ಯಾಪ್ತಿ) ಬರೆದರೆ ಬಸ್ಸಿಗೆ ಸುಮಾರು 58ರಿಂದ 62, ಮೆಟ್ರೋಗೆ 55ರಿಂದ 59. ಒಂದು ನಿಮಿಷದಷ್ಟು ಓವರ್‌ಲ್ಯಾಪ್ ಕಣ್ಣಿಗೆ ಕಾಣುತ್ತದೆ.

ಆದರೆ ಟಿ-ಟೆಸ್ಟ್ ನೋಡುವುದು ಎರಡು ಸರಾಸರಿಗಳ ವ್ಯತ್ಯಾಸವನ್ನು, ಅಲ್ವಾ? ಆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 1 ಮತ್ತು 1 ಕೂಡಿ 2 ಆಗುವುದಿಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಬರುವುದು 1.41. ವ್ಯತ್ಯಾಸ 3 ನಿಮಿಷ, 1.41ರಿಂದ ಭಾಗಿಸಿದರೆ 2.12. ಪಿ-ವ್ಯಾಲ್ಯೂ ಸುಮಾರು 0.035. ಬಾರ್‌ಗಳನ್ನು ಕಣ್ಣಲ್ಲೇ ಹೋಲಿಸುವವರು ಗೊತ್ತಿಲ್ಲದೇ 1.41ರ ಜಾಗದಲ್ಲಿ 2 ಇಟ್ಟುಕೊಂಡಿರುತ್ತಾರೆ. ಎಡವಟ್ಟು ಆಗುವುದೇ ಇಲ್ಲಿ.

ಉಲ್ಟಾ ಕೂಡ ಆಗುತ್ತದೆ. ಬಾರ್‌ಗಳು ಸ್ಟ್ಯಾಂಡರ್ಡ್ ಎರರ್‌ದಾಗಿದ್ದು, ಸರಾಸರಿಗಳ ಅಂತರ 2.5 ನಿಮಿಷ ಇದೆ ಅನ್ನಿ. ಬಾರ್‌ಗಳ ಮಧ್ಯೆ ಅರ್ಧ ನಿಮಿಷ ಖಾಲಿ ಜಾಗ ಕಾಣುತ್ತದೆ, ಆದರೂ ಪಿ-ವ್ಯಾಲ್ಯೂ ಸುಮಾರು 0.08. ಅದಕ್ಕೇ ದಯವಿಟ್ಟು ಬಾರ್ ಯಾವುದರದ್ದು ಅಂತ ಗ್ರಾಫ್ ಕೆಳಗೆ ಬರೆಯಿರಿ. ಇನ್ನು ಅದೇ ಜನರನ್ನು ಮೆಟ್ರೋ ಬರುವ ಮೊದಲು, ಬಂದ ಮೇಲೆ ಅಂತ ಎರಡು ಸಲ ಅಳೆದಿದ್ದರೆ ಈ ಬಾರ್‌ಗಳಿಂದ ಏನೂ ತಿಳಿಯುವುದಿಲ್ಲ. ಒಬ್ಬೊಬ್ಬರ ಎರಡು ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿ.

ನಕ್ಷತ್ರ ಹಾಕಲು ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನ ಜಿಜಿಪಬ್‌ಆರ್ (ggpubr) ಪ್ಯಾಕೇಜ್ ಸಾಕು. ಒಂದು ಎಚ್ಚರಿಕೆ: ಟೆಸ್ಟ್ ಯಾವುದು ಅಂತ ನೀವು ಹೇಳದಿದ್ದರೆ ಎರಡು ಗುಂಪಿಗೆ ಅದು ಮಾಡುವುದು ವಿಲ್ಕಾಕ್ಸನ್ ಟೆಸ್ಟ್, ಅಂದರೆ ಸರಾಸರಿಗಳ ಬದಲು ಅಂಕಿಗಳ ಏರಿಕೆ ಕ್ರಮವನ್ನು ಹೋಲಿಸುವ ಬೇರೆಯೇ ಟೆಸ್ಟ್. ಗ್ರಾಫ್ ಮೇಲೆ ವಿಲ್ಕಾಕ್ಸನ್, ಕೆಳಗಿನ ವಿವರಣೆಯಲ್ಲಿ ಟಿ-ಟೆಸ್ಟ್ ಅಂತ ಬರೆದುಕೊಂಡು ಬರುವವರು ಜಾಸ್ತಿ.

ಯಾರೂ ಕೇಳದ ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಬಸ್ಸು, ಮೆಟ್ರೋ ಜೊತೆಗೆ ಬೈಕು, ಕಾರು ಸೇರಿಸಿದರೆ ಹೋಲಿಸುವ ಜೋಡಿಗಳು 6. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಎಲ್ಲೋ ಒಂದು ಕಡೆ ಸುಳ್ಳು ನಕ್ಷತ್ರ ಬೀಳುವ ಸಾಧ್ಯತೆ ಶೇ. 5ರಿಂದ ಎಲ್ಲಿಗೋ ಏರುತ್ತದೆ. ಆರೂ ಟೆಸ್ಟ್ ಒಂದಕ್ಕೊಂದು ಸಂಬಂಧವಿಲ್ಲದವು ಅಂತಿಟ್ಟುಕೊಂಡರೆ ಸುಮಾರು ಶೇ. 26. ಸುಮ್ನೆ ಆರು ಟೆಸ್ಟ್ ಮಾಡಿ ನಕ್ಷತ್ರ ಅಂಟಿಸಬೇಡಿ. ಮೊದಲು ಹೋಮ್ (Holm) ವಿಧಾನದಲ್ಲಿ, ಅಂದರೆ ಎಷ್ಟು ಟೆಸ್ಟ್ ಮಾಡಿದ್ದೀರಿ ಅನ್ನುವುದಕ್ಕೆ ತಕ್ಕಂತೆ, ಪಿ-ವ್ಯಾಲ್ಯೂಗಳನ್ನು ಸರಿಹೊಂದಿಸಿ, ಆಮೇಲೆ ಆ ಅಂಕಿಗಳನ್ನೇ ಗ್ರಾಫ್ ಮೇಲೆ ಬರೆಯಿರಿ.